ಕೊನೆಯಿಲ್ಲದ ನೀರು

"ಕಾಲು ಕಡೆಯವರು ಮೇಲೆತ್ತಿ ಹಿಡೀರಿ! ತಲೆ ಕಡೆಯವರು ತಗ್ಗಿಸಿ, ಇನ್ನೂ ತಗ್ಗಿಸಿ. ಗೋಡೆಗೆ ತಾಗುತ್ತೆ ನೋಡಿ, ನಿಧಾನ!"

ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಬೆನ್ನೊತ್ತಿ ನಿಂತು ಮೊರ್ದೊ ಸಪೋರ್ತಾ ಕೂಗುತ್ತಿದ್ದ. ಹೈಫಾ ಬಂದರಿನಲ್ಲಿ ಜೀವಮಾನವಿಡೀ ಹಡಗಿನಿಂದ ಸರಕು ಇಳಿಸಿದ ಗಂಟಲು ಅದು, ಮೆಲ್ಲಗೆ ಮಾತಾಡುವುದು ಅದಕ್ಕೆ ಗೊತ್ತೇ ಇರಲಿಲ್ಲ. ಮೂರನೇ ಮಹಡಿಯಿಂದ ಫ್ರೂಮಾಳನ್ನು ಇಳಿಸುತ್ತಿದ್ದರು. ಚಾದರದ ಕೆಳಗೆ ಮನುಷ್ಯರು ಇದ್ದಾರೆಂದು ಯಾರಾದರೂ ಹೇಳಿದರೇ ಗೊತ್ತಾಗಬೇಕು, ಅಷ್ಟು ಸಣ್ಣಗಿದ್ದಳು.

"ಅಜ್ಜ, ನಮಗೆ ಇದು ದಿನಾ ಮಾಡೋ ಕೆಲಸ," ಎಂದ ಅಂತ್ಯಕ್ರಿಯೆ ಸಂಘದ ಹುಡುಗರಲ್ಲಿ ಒಬ್ಬ.

"ನಿಮಗೆ ದಿನಾ ಇರುತ್ತಪ್ಪ. ಅವಳಿಗೆ ಇವತ್ತೊಂದೇ ದಿನ," ಎಂದ ಮೊರ್ದೊ.

ಹಿಂದಿನವನ ಕಾಲು ಹೊಸ್ತಿಲ ಬಳಿ ಏನಕ್ಕೋ ಎಡವಿತು. ಹಳೇ ಕಾಲದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ದಡಾರನೆ ಪಕ್ಕಕ್ಕೆ ಉರುಳಿತು, ತೆರೆದೇ ಇದ್ದ ಬಾಗಿಲು ತಾನೇ ತಾನಾಗಿ ಮುಚ್ಚಿಕೊಳ್ಳಲು ಹೊರಟಿತು. ಮೊರ್ದೊ ನಾಲ್ಕು ಮೆಟ್ಟಿಲು ಹಾರಿ ಬಂದು ಬಾಗಿಲನ್ನು ಹಿಡಿದುಕೊಂಡ. ಕಾಲಿನಲ್ಲೇ ಪೆಟ್ಟಿಗೆಯನ್ನು ಎಳೆದು ಬಾಗಿಲಿಗೆ ಒರಗಿಸಿಟ್ಟ. ಅರವತ್ತು ದಾಟಿದ ಮನುಷ್ಯ ಅಷ್ಟು ಚುರುಕಾಗಿ ಹಾರಿದ್ದು ಕಂಡು ಹುಡುಗರು ಮುಖ ಮುಖ ನೋಡಿಕೊಂಡರು.

"ಮೊರ್ದೊ ಮಾಮ, ಇನ್ನು ಅದನ್ನ ಮುಚ್ಚಿದ್ರೂ ನಡೆಯುತ್ತೆ ಕಣ್ರೀ," ಎಂದಳು ಕೆಳಗಿನ ಮನೆಯ ಝಿಂಬೂಲ್. ಬೆಳಗಿನಿಂದ ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಮುಚ್ಚೋದು ಬೇಡ," ಎಂದ ಮೊರ್ದೊ. ಅಭ್ಯಾಸ, ಅಷ್ಟೇ.

ಆ ಇಸ್ತ್ರಿಪೆಟ್ಟಿಗೆಯ ಕತೆ ಆ ಕಟ್ಟಡಕ್ಕೆಲ್ಲ ಗೊತ್ತಿತ್ತು. ಫ್ರೂಮಾ ಲಾಂಡ್ರಿಯೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು. ಕರೆಂಟಿನದು ಬಂದಮೇಲೆ ಮೂಲೆಗೆ ಬಿದ್ದಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಮನೆಗೆ ತಂದು ಅದಕ್ಕೊಂದು ಹೊಸ ಕೆಲಸ ಕೊಟ್ಟಿದ್ದಳು. ದಿನವೂ ಸಂಜೆ ಎದುರು ಮನೆಯ ಮೊರ್ದೊ ಚಹಾಕ್ಕೆ ಬರುವನು. ಬರುವ ಮೊದಲೇ ಬಾಗಿಲು ಪೂರ್ತಿ ತೆರೆದು ಪೆಟ್ಟಿಗೆಯನ್ನು ಅಡ್ಡ ಇಡುವಳು. ಗಂಡನಿರುವ ಹೆಂಗಸು ಪರಗಂಡಸಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಕೂರಬಾರದು, ಅದು ಶಾಸ್ತ್ರ. ಫ್ರೂಮಾ ಗಂಡನಿರುವವಳು. ಗಂಡನನ್ನು ಮಾತ್ರ ಆ ಕಟ್ಟಡದಲ್ಲಿ ಯಾರೂ ಕಂಡವರಿಲ್ಲ.

ಚಳಿಗಾಲದಲ್ಲಿ ಸಮುದ್ರದ ಗಾಳಿ ಮೆಟ್ಟಿಲು ಹತ್ತಿ ಬಂದು ಇಬ್ಬರ ಚಹಾವನ್ನೂ ತಣ್ಣಗೆ ಮಾಡುತ್ತಿತ್ತು. ಇಬ್ಬರೂ ಕೋಟು ಹಾಕಿಕೊಂಡೇ ಕೂರುತ್ತಿದ್ದರು. "ಅಯ್ಯೋ ನಿಮ್ಮ ಹಣೆಬರಹವೇ, ಈ ಊರಲ್ಲಿ ಯಾರ್ ಕೇಳ್ತಾರೆ ಈಗೆಲ್ಲ? ಬಾಗಿಲು ಹಾಕ್ಕೊಂಡು ಬೆಚ್ಚಗೆ ಕೂತ್ಕೊಳ್ಳಿ," ಎಂದು ಝಿಂಬೂಲ್ ಎಷ್ಟೋ ಸಲ ಹೇಳಿದ್ದಳು. ಫ್ರೂಮಾ ನಗುತ್ತಿದ್ದಳು. ಪೆಟ್ಟಿಗೆ ಮಾತ್ರ ಅಲ್ಲೇ ಇರುತ್ತಿತ್ತು.

ಕೆಳಗೆ ವ್ಯಾನಿನ ಬಾಗಿಲು ಬಡಿದ ಸದ್ದಾಯಿತು. ಮೊರ್ದೊ ಇದ್ದ ಒಂದೇ ಒಳ್ಳೆಯ ಕೋಟು ಹಾಕಿಕೊಂಡು ಇಳಿದ. ಇವತ್ತು ಅವನಿಗೆ ಒಂದೇ ಒಂದು ವಿಷಯ ಕೇಳಬೇಕಿತ್ತು. ಬದುಕಿದ್ದಾಗ ಆ ಹೆಂಗಸಿನ ಪಕ್ಕ ಬೆಚ್ಚಗೆ ಕೂರಲಾಗಲಿಲ್ಲ, ಹೋಗಲಿ. ಸತ್ತಮೇಲೆ ಅವಳ ಪಕ್ಕದ ಜಾಗ ತನಗೆ ಸಿಗಬೇಕು.

*

ಮೊರ್ದೊ ಅವಳನ್ನು ಮೊದಲು ನೋಡಿದ್ದು ಬಂದರಿನ ಮುಳ್ಳುತಂತಿಯ ಆಚೆ ಬದಿಯಲ್ಲಿ, ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಆಗ ದೇಶ ಬ್ರಿಟಿಷರ ಕೈಯಲ್ಲಿತ್ತು. ಯಹೂದಿಗಳು ವರ್ಷಕ್ಕೆ ಇಷ್ಟೇ ಜನ ಬರಬೇಕು ಎಂದು ಅವರು ಪರವಾನಗಿ ಅಳೆದು ಕೊಡುತ್ತಿದ್ದರು. ಪರವಾನಗಿ ಇಲ್ಲದವರು ಯುರೋಪಿನಿಂದ ತುಕ್ಕು ಹಿಡಿದ ಹಡಗುಗಳಲ್ಲಿ ಬರುತ್ತಿದ್ದರು. ನೌಕಾಪಡೆ ಆ ಹಡಗುಗಳನ್ನು ನಡುಗಡಲಲ್ಲೇ ಹಿಡಿದು ಹೈಫಾಕ್ಕೆ ಎಳೆದು ತರುವುದು. ಸೈನಿಕರು ಜನರನ್ನು ಇಳಿಸಿ, ಅದೇ ಧಕ್ಕೆಯಲ್ಲಿ ನಾಲ್ಕು ಹೆಜ್ಜೆ ನಡೆಸಿ, ಇನ್ನೊಂದು ಹಡಗು ಹತ್ತಿಸಿ ಸೈಪ್ರಸ್ ದ್ವೀಪದ ಶಿಬಿರದ ಬೇಲಿಯೊಳಗೆ ಕಳಿಸುವರು. ಈ ನೆಲದ ಮೇಲೆ ಆ ನಾಲ್ಕು ಹೆಜ್ಜೆ ಇಟ್ಟದ್ದೇ ಎಷ್ಟೋ ಜನರ ಭಾಗ್ಯ. ಗಂಟುಮೂಟೆ ಸಾಗಿಸಲು, ಸಲೋನಿಕಾ ಊರಿನಿಂದ ಬಂದು ಬಂದರಿನಲ್ಲಿ ದುಡಿಯುತ್ತಿದ್ದ ಮೊರ್ದೊನಂಥ ಹಮಾಲರನ್ನು ಮಾತ್ರ ಒಳಗೆ ಬಿಡುತ್ತಿದ್ದರು.

"ಅಣ್ಣ, ಸ್ವಲ್ಪ ಇಲ್ಲಿ ಬನ್ನಿ," ಎಂದು ತಂತಿಯ ಆಚೆಯಿಂದ ಒಬ್ಬಳು ಕರೆದಳು. "ಸಲೋನಿಕಾದವರಲ್ಲಿ ನಿಮ್ಮದೇ ದೊಡ್ಡ ಗಂಟಲಂತೆ?"

"ಯಾರ್ ಹೇಳಿದ್ದು?"

"ಇಲ್ಲೀವರೆಗೂ ಕೇಳಿಸ್ತಿದೆಯಲ್ಲ, ಯಾರ್ ಹೇಳ್ಬೇಕು. ಒಂದು ಉಪಕಾರ ಮಾಡಿ. ಆ ಹಡಗಿನ ಹತ್ರ ಹೋದಾಗ ಒಂದು ಹೆಸರು ಕೂಗ್ತೀರಾ? ಹೆನೆಖ್ ಝಬ್ಲುಡಾ."

"ಯಾರದು?"

"ನನ್ನ ಗಂಡ," ಎಂದವಳು ತುಸು ತಡೆದು, "ಪರವಾನಗಿ ಗಂಡ," ಎಂದಳು.

ಆ ದಿನಗಳಲ್ಲಿ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಪರವಾನಗಿಯಲ್ಲಿ ಒಬ್ಬ ಗಂಡಸು ತನ್ನ ಹೆಂಡತಿಯನ್ನೂ ಕರೆತರಬಹುದಿತ್ತು. ಪರವಾನಗಿ ಸಿಕ್ಕ ಹುಡುಗ ಬ್ರಹ್ಮಚಾರಿಯಾಗಿ ಬಂದರೆ ಒಂದು ಜೀವದ ಜಾಗ ದಂಡ. ಅದಕ್ಕೇ ಪೋಲೆಂಡಿನ ಸಂಘಟನೆಯವರು ಒಬ್ಬೊಬ್ಬ ಹುಡುಗನಿಗೂ ಒಬ್ಬೊಬ್ಬ ಹುಡುಗಿಯನ್ನು ಗಂಟುಹಾಕಿ ಕಳಿಸುತ್ತಿದ್ದರು. ಇಲ್ಲಿ ಇಳಿದ ವಾರದೊಳಗೆ ಧರ್ಮಗುರು ರಬ್ಬಿಯ ಮುಂದೆ ವಿಚ್ಛೇದನ ಕೊಟ್ಟು, ಕೈ ಕುಲುಕಿ, ಅವರವರ ದಾರಿ ಅವರಿಗೆ.

"ಮತ್ತೆ ನಿಮ್ಮವನು ಕೊಡ್ಲಿಲ್ವಾ?"

"ಕೊಡೋಕೆ ಪುರುಸೊತ್ತೆಲ್ಲಿತ್ತು? ಯುದ್ಧಕ್ಕೆ ಮುಂಚೆ ಬಂದ್ವಿ, ಇಳಿದ ಮೂರನೇ ದಿನ ವಾಪಸ್ ಹೊರಟುಬಿಟ್ಟ. ಅವನಿಗೆ ಹದಿನಾರು ವರ್ಷದ ತಂಗಿ ಇದ್ಲು. ಅವಳ ಹೆಸರನ್ನೇ ಹೆಂಡತಿ ಅಂತ ಬರೀರಿ ಅಂತ ಸಂಘಟನೆಯವರ ಕಾಲು ಹಿಡಿದಿದ್ದ. ಹುಡುಗಿಗೆ ಎದೆ ಕಾಯಿಲೆ, ಹೊಲದಲ್ಲಿ ದುಡಿಯೋಕೆ ಆಗಲ್ಲ ಅಂತ ಅವರು ನನ್ನ ಹೆಸರು ಬರೆದ್ರು." ಅವಳು ಮುಳ್ಳುತಂತಿಯನ್ನು ಹಿಡಿದುಕೊಂಡಿದ್ದಳು. "ನನ್ನನ್ನ ಇಲ್ಲಿಗೆ ಬಿಟ್ಟು, ಅವಳನ್ನ ಕರ್ಕೊಂಡ್ ಬರ್ತೀನಿ ಅಂತ ಹೋದ. ಅವಳ ಜಾಗದಲ್ಲಿ ನಾನು ಕೂತು ಬಂದೆ, ಅಣ್ಣ."

ಮೊರ್ದೊ ಹೋಗಿ ಹಡಗಿನ ಕೆಳಗೆ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. "ಹೆನೆಖ್ ಝಬ್ಲುಡಾ! ವಾರ್ಸಾದ ಹೆನೆಖ್ ಝಬ್ಲುಡಾ ಇದ್ದಾನಾ?" ಮೇಲಿನಿಂದ ನೂರಾರು ಮುಖಗಳು ಇಣುಕಿದವು. ಯಾರೂ ನಾನು ಎನ್ನಲಿಲ್ಲ.

ಆಮೇಲೆ ಬಂದ ಹಡಗಿಗೂ ಕೂಗಿದ. ಅದರ ನಂತರದ್ದಕ್ಕೂ ಕೂಗಿದ. ಹಡಗು ಇಲ್ಲದ ದಿನವೂ ಅವಳು ತಂತಿಯ ಹತ್ತಿರ ಬರಲು ಶುರುಮಾಡಿದಾಗ, ಇವನು ಸುಮ್ಮಸುಮ್ಮನೆ ಕಾಯಲು ಶುರುಮಾಡಿದಾಗ, ಇಬ್ಬರಿಗೂ ಗೊತ್ತಾಯಿತು. "ಮೊದಲ ದಿನವೇ ಅಣ್ಣ ಅಂದುಬಿಟ್ಟೆಯಲ್ಲ ಮಾರಾಯ್ತಿ, ಅಲ್ಲೇ ಕೆಟ್ಟಿತು ನೋಡು ನನ್ನ ಗ್ರಹಚಾರ," ಎಂದು ಮೊರ್ದೊ ಮುಂದೆ ಎಷ್ಟೋ ವರ್ಷ ತಮಾಷೆ ಮಾಡುತ್ತಿದ್ದ. ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಆಗಿತ್ತು.

*

ಸ್ಮಶಾನ ಸಮುದ್ರದ ದಡದಲ್ಲೇ ಇತ್ತು. ಗಾಳಿ ಜೋರಾಗಿ ಬೀಸುತ್ತಿತ್ತು. ಫ್ರೂಮಾಳಿಗೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಚಟ್ಟದ ಮೇಲೆ ಮಲಗಿಸಿ ಹೊರಗೆ ತಂದಿಟ್ಟಿದ್ದರು. ಅಂತ್ಯಕ್ರಿಯೆ ಸಂಘದ ಯಜಮಾನ ರೆಬ್ ಗೆಟ್ಸೆಲ್ ಕಿವಿ ಸ್ವಲ್ಪ ಮಂದ, ನಿಯಮದಲ್ಲಿ ಬಹಳ ಗಟ್ಟಿ. ಸಣ್ಣ ಚಾಕು ತೆಗೆದು ಸುತ್ತ ನೋಡಿದ.

"ಬಟ್ಟೆ ಹರಿದುಕೊಳ್ಳುವವರು ಯಾರು?"

ತೀರಿಕೊಂಡವರ ರಕ್ತಸಂಬಂಧಿಗಳು, ಗಂಡ ಅಥವಾ ಹೆಂಡತಿ, ಎದೆಯ ಮೇಲಿನ ಬಟ್ಟೆಯನ್ನು ಹರಿದುಕೊಳ್ಳಬೇಕು. ಬಂದಿದ್ದವರು ಲಾಂಡ್ರಿಯವರು ಒಂದಿಬ್ಬರು, ಝಿಂಬೂಲ್ ಮತ್ತು ಅವಳ ಗಂಡ, ಮೊರ್ದೊನ ಹಳೆಯ ಬಂದರು ಗೆಳೆಯರು. ಎಲ್ಲರೂ ನೆಲ ನೋಡಿದರು. ಮೊರ್ದೊ ಕೋಟಿನ ಕಾಲರು ಹಿಡಿದುಕೊಂಡು ಮುಂದೆ ಬಂದ.

"ನೀವು ಏನಾಗಬೇಕು?"

"ಎದುರು ಮನೆ."

"ಏನು?"

"ಎದುರು ಮನೆಯವನು!" ಎಂದು ಮೊರ್ದೊ ಕೂಗಿದ.

ರೆಬ್ ಗೆಟ್ಸೆಲ್ ಚಾಕು ಮಡಚಿದ. ಕೆಟ್ಟ ಮನುಷ್ಯನೇನಲ್ಲ. "ಎದುರು ಮನೆಯವರು ಹರಿದುಕೊಳ್ಳೋದು ನಮ್ಮಲ್ಲಿ ಪದ್ಧತಿ ಇಲ್ಲ, ಯಜಮಾನ್ರೇ. ಪ್ರಾರ್ಥನೆ ಬೇಕಾದ್ರೆ ಹೇಳಿ, ಬೇಡ ಅನ್ನಲ್ಲ."

ಮೊರ್ದೊ ಕಾಲರು ಬಿಟ್ಟ. "ಇನ್ನೊಂದು ವಿಷಯ. ಅವಳ ಪಕ್ಕದ ಜಾಗ ಖಾಲಿ ಇದೆಯಲ್ಲ. ಅದು ನನಗೆ ಬೇಕು. ಈಗಲ್ಲ, ನನ್ನ ಸರದಿ ಬಂದಾಗ."

"ಅದ್ಹೇಗಾಗುತ್ತೆ? ಈ ಸಾಲು ದಂಪತಿಗಳದ್ದು. ಅವರ ಪಕ್ಕದ್ದು ಅವರ ಗಂಡನಿಗೆ."

"ಅವರ ಗಂಡ ಕಪ್ಪು ಸಮುದ್ರದ ಅಡಿಯಲ್ಲಿದ್ದಾನೆ! ಮೂವತ್ತು ವರ್ಷ ಆಯ್ತು!"

"ಕಂಡವರು ಯಾರಿದ್ದಾರೆ?" ಎಂದ ರೆಬ್ ಗೆಟ್ಸೆಲ್. ಆ ಪ್ರಶ್ನೆ ಮೊರ್ದೊನ ಕಿವಿಗೆ ಮೊದಲೂ ಬಿದ್ದಿತ್ತು. "ಗಂಡ ಇಲ್ಲ ಅಂತಾಗಲಿ, ಮದುವೆಯೇ ಆಗಿರಲಿಲ್ಲ ಅಂತಾಗಲಿ ಒಬ್ಬ ಸಾಕ್ಷಿ ಬಂದು ಹೇಳ್ಲಿ, ಇವತ್ತೇ ನಿಮ್ಮ ಹೆಸರು ಗುರುತು ಹಾಕ್ತೀನಿ. ಅಲ್ಲೀವರೆಗೂ ಅದು ಆ ಮನುಷ್ಯನ ಜಾಗ." ತಲೆ ಎಣಿಸಿ ನೋಡಿ, "ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಒಬ್ಬರು ಕಡಿಮೆ ಇದ್ದಾರೆ. ಕಾಯೋಣ," ಎಂದ.

*

ಯಹೂದಿಗಳ ಹೊಸ ದೇಶ ಹುಟ್ಟಿದ ಸಂಜೆ ಹೈಫಾದ ಹದಾರ್ ಬಡಾವಣೆಯ ಬೀದಿಗಳಲ್ಲಿ ಜನ ಕೈ ಕೈ ಹಿಡಿದು ಕುಣಿಯುತ್ತಿದ್ದರು. ಫ್ರೂಮಾ ಕುಣಿಯಲಿಲ್ಲ. ನೇರ ಬಂದರಿಗೆ ಓಡಿದಳು. ಮೊರ್ದೊ ಹಿಂದೆಯೇ ಓಡಿದ. ಬ್ರಿಟಿಷರು ಇನ್ನೂ ಬಂದರಿನ ಒಂದು ಮೂಲೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು. ಮೊರ್ದೊನ ಜೊತೆ ಹೆಗಲಿಗೆ ಹೆಗಲು ಕೊಟ್ಟು ಮೂಟೆ ಹೊತ್ತ ಅರಬ್ಬರು ಎಷ್ಟೋ ಜನ ಕೆಲವೇ ವಾರಗಳ ಹಿಂದೆ ಊರಲ್ಲಿ ಕಾಳಗವಾದಾಗ ಅದೇ ಧಕ್ಕೆಯಿಂದ ದೋಣಿ ಹತ್ತಿ, ತಿರುಗಿ ತಿರುಗಿ ನೋಡುತ್ತಾ ಹೋಗಿದ್ದರು. ಆ ಜಾಗ ದಾಟುವಾಗ ಅವನು ಮುಖ ತಿರುಗಿಸಿಕೊಂಡ.

"ಇನ್ಮೇಲೆ ಯಾರೂ ತಡೆಯಲ್ಲ ಅಲ್ವಾ?" ಎಂದು ಫ್ರೂಮಾ ಕೇಳಿದಳು.

"ಯಾರೂ ತಡೆಯಲ್ಲ."

ಹಡಗುಗಳು ಬಂದವು. ಒಂದರ ಹಿಂದೆ ಒಂದು, ರಾಜಾರೋಷವಾಗಿ, ಬಾವುಟ ಹಾರಿಸಿಕೊಂಡು. ಸೈಪ್ರಸ್ಸಿನ ಬೇಲಿಗಳು ಖಾಲಿಯಾದವು. ಬೇಸಿಗೆಯಿಡೀ, ಅದರ ಮುಂದಿನ ವರ್ಷವಿಡೀ ಮೊರ್ದೊ ಪ್ರತಿ ಹಡಗಿಗೂ ಆ ಹೆಸರು ಕೂಗಿದ. ಒಂದು ದಿನ ಫ್ರೂಮಾ ಅವನ ತೋಳು ಹಿಡಿದು, "ಸಾಕು ಬಿಡು," ಎಂದಳು. ಅಳಲಿಲ್ಲ. "ಬ್ರಿಟಿಷರು ಇರೋವರೆಗೂ ಅವನು ಬರದೇ ಇರೋದಕ್ಕೆ ಒಂದು ಕಾರಣ ಇತ್ತು, ಮೊರ್ದೊ. ಈಗ ಯಾರನ್ನ ಬೈಯ್ಲಿ?"

ಸುದ್ದಿ ಆಮೇಲೆ ಚೂರುಚೂರಾಗಿ ಬಂತು. ಯುದ್ಧದ ಎರಡನೇ ಚಳಿಗಾಲ ರೊಮೇನಿಯಾದ ಬಂದರಿನಲ್ಲಿ ಅವನೂ ಅವನ ತಂಗಿಯೂ ಒಂದು ಹಳೆಯ ದೋಣಿ ಹತ್ತಿದ್ದನ್ನು ಯಾರೋ ನೋಡಿದ್ದರು. ಆ ದೋಣಿ ಎಲ್ಲಿಗೂ ಮುಟ್ಟಲಿಲ್ಲ.

ಮೊರ್ದೊನೇ ಹಟ ಹಿಡಿದು ಅವಳನ್ನು ರಬ್ಬಿಗಳ ನ್ಯಾಯಾಲಯಕ್ಕೆ ಕರೆದೊಯ್ದ. ಹೊಸ ದೇಶದಲ್ಲಿ ಮದುವೆ, ವಿಚ್ಛೇದನ ಎಲ್ಲ ಅವರ ಕೈಯಲ್ಲೇ ಉಳಿದಿತ್ತು. ಮದುವೆಗೆ ಸಾಕ್ಷಿ ಎಂದು ಅವಳ ಹಳೆಯ ಗೆಳತಿ ಗಿಟ್ಲ್ ಜೊತೆಯಲ್ಲಿ ಒಳಗೆ ಹೋದಳು. ಮೊರ್ದೊ ಹೊರಗಿನ ಬೆಂಚಿನ ಮೇಲೆ ಚೀಸ್ ತುಂಬಿ ಬೇಯಿಸಿದ ಬೂರೆಕಾ ತಿಂಡಿಯ ಪೊಟ್ಟಣ ಹಿಡಿದು ಕೂತಿದ್ದ. ಬಿಡುಗಡೆ ಸಿಕ್ಕ ಕೂಡಲೇ ಇಬ್ಬರೂ ತಿನ್ನಬೇಕು ಎಂದು ಲೆಕ್ಕ ಹಾಕಿಕೊಂಡಿದ್ದ.

ಫ್ರೂಮಾ ಹೊರಗೆ ಬಂದು ಪಕ್ಕದಲ್ಲಿ ಕೂತಳು. ಪೊಟ್ಟಣದಿಂದ ಒಂದು ತೆಗೆದು ಕಚ್ಚಿದಳು.

"ಕೊನೆಯಿಲ್ಲದ ನೀರು ಅಂತೆ," ಎಂದಳು.

"ಹಾಗಂದ್ರೆ?"

"ಕೆರೆಯಲ್ಲಿ ಮುಳುಗಿದ್ರೆ ಸುತ್ತಲೂ ದಡ ಕಾಣುತ್ತೆ. ಎದ್ದು ಬರ್ಲಿಲ್ಲ ಅಂದ್ರೆ ಸತ್ತ ಅಂತ ಲೆಕ್ಕ, ಹೆಂಡತಿಗೆ ಬಿಡುಗಡೆ. ಸಮುದ್ರಕ್ಕೆ ಕೊನೆ ಕಾಣಲ್ಲ. ನಾವು ನೋಡದೇ ಇರೋ ಕಡೆ ಎಲ್ಲೋ ಎದ್ದು ಹೋಗಿರಬಹುದು ಅಂತ ಶಾಸ್ತ್ರ. ಅವನು ಕೆರೆ ನೋಡ್ಕೊಂಡು ಮುಳುಗ್ಬೇಕಿತ್ತು, ನೋಡು."

ನಗಲು ಹೋದಳು. ಮೊರ್ದೊ ನಗಲಿಲ್ಲ. ಮುಂದಿನ ತಿಂಗಳು ಅವಳ ಎದುರಿನ ಕೋಣೆ ಖಾಲಿಯಾಯಿತು, ಅವನು ಅಲ್ಲಿಗೆ ಬಂದು ಸೇರಿದ. ಇಸ್ತ್ರಿಪೆಟ್ಟಿಗೆ ಬಾಗಿಲಿಗೆ ಬಂತು.

*

ಗಿಟ್ಲ್ ಬಸ್ಸಿಳಿದು ಏದುಸಿರು ಬಿಡುತ್ತಾ ಬಂದಳು. ದಪ್ಪ ದೇಹ, ಊದಿಕೊಂಡ ಕಾಲು, ಕೈಯಲ್ಲೊಂದು ಕೋಲು. ಫ್ರೂಮಾಳ ಚಟ್ಟದ ಪಕ್ಕ ನಿಂತು ತನ್ನ ಭಾಷೆಯಲ್ಲಿ ಏನೇನೋ ಮಾತಾಡಿದಳು, ಬೈದಳು ಕೂಡ. ಆಮೇಲೆ ಮೊರ್ದೊನನ್ನು ಕಂಡು, "ಇದೇನು ಹೀಗೆ ಮುಖ ಮಾಡ್ಕೊಂಡು ನಿಂತಿದ್ದೀಯಾ?" ಎಂದಳು. ಝಿಂಬೂಲ್ ಜಾಗದ ವಿಷಯ ಹೇಳಿದಳು.

ಗಿಟ್ಲ್ ಕೋಲಿನಿಂದ ಮಣ್ಣು ಕೆದಕಿದಳು. ಮೊರ್ದೊನ ತೋಳು ಹಿಡಿದು ಗೋಡೆಯ ಮರೆಗೆ ಕರೆದೊಯ್ದಳು.

"ಮೊರ್ದೊ, ಅವಳಿಗೆ ಆ ಮದುವೆಯೇ ಆಗಿರ್ಲಿಲ್ಲ."

"ಏನಂದೆ?"

"ಒಂದೇ ಮಧ್ಯಾಹ್ನ ಆರು ಮದುವೆ, ನನ್ನದೂ ಸೇರಿ, ಅಲ್ಲಿ ಪೋಲೆಂಡಿನ ಒಂದು ಅಡುಗೆಮನೆಯಲ್ಲಿ. ಯಾರ ಹತ್ರಾನೂ ಉಂಗುರ ಇರ್ಲಿಲ್ಲ. ಅಡುಗೆಯವಳು ತನ್ನ ಬೆರಳಿಂದ ಸೋಪು ಹಚ್ಚಿ ತೆಗೆದು ಕೊಟ್ಲು. ಒಬ್ಬಳ ಬೆರಳಿಗೆ ಹಾಕೋದು, ತೆಗೆಯೋದು, ಮುಂದಿನವಳಿಗೆ. ಕೊನೆಗೆ ಅವಳಿಗೇ ವಾಪಸ್ಸು, ಹಿಟ್ಟು ಕಲಸೋಕೆ ಹೋದ್ಲು. ಉಂಗುರ ಹುಡುಗನ ಸ್ವಂತದ್ದಾಗಿರದೆ ಇದ್ರೆ ಮದುವೆಗೆ ಬೆಲೆಯಿಲ್ಲ ಕಣೋ. ಶಾಸ್ತ್ರ ಓದಿದವರು ಇಲ್ಲಿಗೆ ಬಂದ್ಮೇಲೆ ನಮಗೆ ಹೇಳಿದ್ರು. ನಾನೂ ನನ್ನ ಗಂಡನೂ ಇಷ್ಟಪಟ್ಟು ಜೊತೇಲೇ ಉಳಿದ್ವಲ್ಲ, ಒಂದು ಉಂಗುರ ತಂದು ಮತ್ತೆ ಮದುವೆ ಮಾಡ್ಕೊಂಡ್ವಿ."

ಗಾಳಿ ಮೊರ್ದೊನ ಟೋಪಿ ಹಾರಿಸಿತು. ಅವನು ಹಿಡಿಯಲು ಹೋಗಲಿಲ್ಲ.

"ಅವಳಿಗೆ ಗೊತ್ತಿರ್ಲಿಲ್ಲ," ಎಂದ. ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆಯಾಗಿತ್ತು.

"ಗೊತ್ತಿತ್ತು. ಅವತ್ತು ನ್ಯಾಯಾಲಯದಲ್ಲಿ ಮುದುಕ ರಬ್ಬಿ ಅದನ್ನೇ ಕೇಳಿದ್ರು. ಪಾಪ, ಅವರೂ ಏನಾದ್ರೂ ದಾರಿ ಸಿಗುತ್ತಾ ಅಂತ ಹುಡುಕ್ತಿದ್ರು. 'ಉಂಗುರ ಹುಡುಗನದ್ದೇನಮ್ಮಾ?' ಅಂದ್ರು. ನಾನು ಬಾಯಿ ತೆಗೆದೆ. ಅವಳು ಮೇಜಿನ ಕೆಳಗೆ ನನ್ನ ಕಾಲು ತುಳಿದ್ಲು. 'ಹೌದು, ಅವನದ್ದೇ' ಅಂದ್ಲು."

ಮೊರ್ದೊನಿಗೆ ಬೆಂಚಿನ ಮೇಲಿನ ಪೊಟ್ಟಣ, ಎಣ್ಣೆ ಇಳಿದ ಕಾಗದ, ಅವಳು ಕಚ್ಚಿದ ಬೂರೆಕಾ ಎಲ್ಲ ನೆನಪಾಯಿತು. ಇಪ್ಪತ್ತು ಚಿಲ್ಲರೆ ಚಳಿಗಾಲ ಗಾಳಿಗೆ ಮೈಯೊಡ್ಡಿ ಕೂತಿದ್ದು ನೆನಪಾಯಿತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಒಂದೇ ಮಾತು. ಅವನಿಗೆ ಆ ಚಟ್ಟದ ಹತ್ತಿರ ಹೋಗಿ ಅವಳನ್ನು ಎಬ್ಬಿಸಿ ಜಗಳ ಆಡಬೇಕೆನಿಸಿತು. ಅಷ್ಟು ಕೋಪ ಬಂದಿತ್ತು.

"ಯಾಕೆ?"

"ಹೊರಗೆ ಬಂದ್ಮೇಲೆ ನಾನೂ ಅದನ್ನೇ ಕೇಳ್ದೆ, ಹೊಡೆಯೋದೊಂದು ಬಾಕಿ. 'ಅವನ ತಂಗಿ ಜಾಗದಲ್ಲಿ ಬಂದು ಬದುಕಿದೆ ಗಿಟ್ಲ್. ಅವನ ಅಪ್ಪ ಅಮ್ಮ, ಬೀದಿ, ಊರು, ಯಾವುದೂ ಉಳಿದಿಲ್ಲ. ಅವನು ಇದ್ದ ಅನ್ನೋದಕ್ಕೆ ಗುರುತು ಅಂತ ಇರೋದು ನಾನೊಬ್ಬಳೇ. ನಾನೂ ಅವನ ಹೆಂಡತಿ ಅಲ್ಲ ಅಂದ್ಬಿಟ್ರೆ ಅವನಿಗೆ ಈ ಲೋಕದಲ್ಲಿ ಯಾರಿದ್ದಾರೆ?' ಅಂದ್ಲು."

"ನನಗೆ ಯಾರಿದ್ರು?" ಎಂದ ಮೊರ್ದೊ. "ಸಲೋನಿಕಾದಲ್ಲಿ ನನ್ನೋರು ಯಾರ್ ಉಳಿದ್ರು? ಅಮ್ಮ ಇದ್ಲಾ, ಅಕ್ಕಂದಿರಿದ್ರಾ? ಎಲ್ಲರನ್ನೂ ರೈಲಿಗೆ ತುಂಬಿದ್ರು. ನನಗೆ ಯಾರಿದ್ರು, ಹೇಳು ಗಿಟ್ಲ್?"

"ನಿನಗೆ ಅವಳಿದ್ಲು," ಎಂದಳು ಗಿಟ್ಲ್. "ಅದನ್ನೂ ಅವಳೇ ಹೇಳಿದ್ದು. 'ಮೊರ್ದೊಗೆ ನಾನಿದ್ದೀನಿ. ಬಾಗಿಲು ತೆಗೆದಿಟ್ಟಾದ್ರೂ ಇರ್ತೀನಿ' ಅಂತ."

ಗೋಡೆಯಾಚೆ ಸಮುದ್ರ ಕಾಣುತ್ತಿತ್ತು. ಎಷ್ಟು ದೂರ ನೋಡಿದರೂ ಆಚೆ ದಡ ಇರಲಿಲ್ಲ.

"ಈಗ ನನ್ನ ಕಾಲು ತುಳಿಯೋಕೆ ಅವಳಿಲ್ಲ," ಎಂದಳು ಗಿಟ್ಲ್, ಕಣ್ಣೊರೆಸಿಕೊಂಡು. "ಹೋಗಿ ಆ ಕಿವುಡನಿಗೆ ಉಂಗುರದ ವಿಷಯ ಹೇಳ್ತೀನಿ. ಒಂದು ಮಾತು, ಅಷ್ಟೇ. ಪಕ್ಕದ ಜಾಗ ನಿನ್ನದು. ಹೇಳ್ಲಾ?"

ಅಷ್ಟರಲ್ಲಿ ಹತ್ತನೆಯ ಗಂಡಸಾಗಿ ದೂರದ ಇನ್ನೊಂದು ಸಮಾಧಿಗೆ ಬಂದಿದ್ದ ಯಾರನ್ನೋ ಝಿಂಬೂಲಳ ಗಂಡ ಕೈ ಹಿಡಿದು ಕರೆತಂದ. ಚಟ್ಟ ಎತ್ತಿದರು. ಮೊರ್ದೊ ಹೋಗಿ ಒಂದು ಹಿಡಿಗೆ ಹೆಗಲು ಕೊಟ್ಟ. ಹಗುರಾಗಿತ್ತು. ಬಂದರಿನಲ್ಲಿ ಇದಕ್ಕಿಂತ ಭಾರದ ಕಿತ್ತಳೆ ಪೆಟ್ಟಿಗೆಗಳನ್ನು ಒಬ್ಬನೇ ಹೊತ್ತಿದ್ದ. ಗುಂಡಿಗಿಳಿಸುವಾಗ ಈ ಸಲ ಅವನು ಏನೂ ಕೂಗಲಿಲ್ಲ. ಹುಡುಗರು ತಾವೇ ನಿಧಾನವಾಗಿ ಇಳಿಸಿದರು.

ಮಣ್ಣು ಮುಚ್ಚಿಯಾಯಿತು. ಪಕ್ಕದಲ್ಲಿ ಅಷ್ಟೇ ಉದ್ದ, ಅಷ್ಟೇ ಅಗಲದ ಜಾಗ ಹುಲ್ಲು ಬೆಳೆದುಕೊಂಡು ಖಾಲಿ ಬಿದ್ದಿತ್ತು.

ರೆಬ್ ಗೆಟ್ಸೆಲ್ ತಲೆ ಕಡೆ ನೆಡುವ ಹಲಗೆಯನ್ನೂ ಕುಂಚವನ್ನೂ ಹಿಡಿದು ಬಂದ. "ತಂದೆಯ ಹೆಸರು ಬರೆದಿದ್ದೀನಿ. ಇನ್ನು ಗಂಡನ ವಿಷಯ. ಏನೋ ಹೇಳ್ತಿದ್ರಲ್ಲ? ಸಾಕ್ಷಿ ಸಿಕ್ಕಿದ್ರಾ?"

ಗಿಟ್ಲ್ ಕೋಲೂರಿ ಒಂದು ಹೆಜ್ಜೆ ಮುಂದೆ ಬಂದಳು. ಮೊರ್ದೊ ಅವಳ ಕಡೆ ನೋಡಲಿಲ್ಲ, ಕೈ ಮಾತ್ರ ಅಡ್ಡ ಹಿಡಿದ.

"ಇಲ್ಲ. ಬರ್ಕೊಳ್ಳಿ. ಹೆನೆಖ್ ಝಬ್ಲುಡಾ ಅವರ ಹೆಂಡತಿ."

"ಏನು? ಗಾಳಿಗೆ ಕೇಳಿಸ್ತಿಲ್ಲ. ಜೋರಾಗಿ ಹೇಳಿ."

ಮೊರ್ದೊ ಎರಡೂ ಕೈ ಬಾಯಿಗೆ ಹಿಡಿದ. "ಹೆನೆಖ್ ಝಬ್ಲುಡಾ!" ಎಂದು ಕೂಗಿದ. "ವಾರ್ಸಾದ ಹೆನೆಖ್ ಝಬ್ಲುಡಾ ಅವರ ಹೆಂಡತಿ!"

ದೂರದ ಸಾಲುಗಳಲ್ಲಿ ನಿಂತಿದ್ದವರು ತಿರುಗಿ ನೋಡಿದರು. ರೆಬ್ ಗೆಟ್ಸೆಲ್ ತಲೆದೂಗಿ ಬರೆದುಕೊಂಡ. ಆಮೇಲೆ ಮೊರ್ದೊ ಹರಿಯದ ಕೋಟಿನಲ್ಲೇ ನಿಂತು ಅವಳಿಗಾಗಿ ಪ್ರಾರ್ಥನೆ ಹೇಳಿದ. ಸಲೋನಿಕಾದ ರಾಗದಲ್ಲಿ ಹೇಳಿದ, ಅವನಿಗೆ ಗೊತ್ತಿದ್ದದ್ದು ಅದೊಂದೇ. ಅವಳು ಆ ರಾಗವನ್ನು ಯಾವಾಗಲೂ ಗೇಲಿ ಮಾಡುತ್ತಿದ್ದಳು. ಹೊರಡುವಾಗ, ಸಮಾಧಿಯ ಮೇಲೆ ಕಲ್ಲಿಡುವ ಪದ್ಧತಿಯಂತೆ, ಎರಡು ಬೆಣಚುಕಲ್ಲು ಆರಿಸಿ, ಒಂದನ್ನು ಅವಳ ಹಸಿಮಣ್ಣಿನ ಮೇಲೆ ಇಟ್ಟ, ಇನ್ನೊಂದನ್ನು ಪಕ್ಕದ ಹುಲ್ಲಿನ ಮೇಲೆ ಇಟ್ಟ.

*

ಬಸ್ಸಿನಲ್ಲಿ ಬಂದು ಮೂರು ಮಹಡಿ ಹತ್ತಿದಾಗ ಸಂಜೆಯಾಗಿತ್ತು, ದಿನವೂ ಚಹಾಕ್ಕೆ ಹೋಗುವ ಹೊತ್ತು. ಝಿಂಬೂಲ್ ಊಟ ಮಾಡಿಕೊಂಡು ಹೋಗಿ ಎಂದು ಕರೆದಳು, ಬೇಡವೆಂದ. ಫ್ರೂಮಾಳ ಬಾಗಿಲು ಬೆಳಗ್ಗೆ ಬಿಟ್ಟಂತೆಯೇ ತೆರೆದಿತ್ತು. ಗಾಳಿ ಇಡೀ ದಿನ ಒಳಗೆ ಓಡಾಡಿತ್ತು, ಕಿಟಕಿ ಪರದೆ ಕಂಬಿಯಿಂದ ಕಳಚಿ ಬಿದ್ದಿತ್ತು. ಅವನು ಪರದೆಯನ್ನು ಸಿಕ್ಕಿಸಿದ. ನೀರು ಕಾಯಿಸಿದ. ಸಕ್ಕರೆ ಎಲ್ಲಿದೆಯೆಂದು ಹುಡುಕಬೇಕಾಯಿತು. ಈ ಮನೆಯಲ್ಲಿ ಅವನು ಯಾವತ್ತೂ ತಾನಾಗಿ ಚಹಾ ಮಾಡಿಕೊಂಡವನಲ್ಲ.

ಲೋಟ ಹಿಡಿದು ತನ್ನ ಕುರ್ಚಿಯಲ್ಲಿ ಕೂತ. ಚಳಿ ಕೊರೆಯಿತು. ಎದ್ದು ಹೊಸ್ತಿಲಿಗೆ ಹೋದ. ಬಗ್ಗಿ, ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟ. ಬಾಗಿಲು ಮೆಲ್ಲಗೆ ತಾನೇ ಸರಿದು ಬಂತು.

ಚಿಲಕ ಟಕ್ಕೆಂದು ಬಿತ್ತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟೂ ವರ್ಷ ದಿನವೂ ಚಹಾ ಮುಗಿಸಿ ಹೋಗಿ, ತನ್ನ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತು, ಹಿಂದಿನಿಂದ ಆ ಸದ್ದು ಬರುವವರೆಗೂ ಕಾದು, ಆಮೇಲೆ ಒಳಗೆ ಹೋಗುತ್ತಿದ್ದ. ಒಳಗಿನಿಂದ ಕೇಳಿದ್ದು ಇದೇ ಮೊದಲು.